ಕ್ಲೈಂಟ್ ಲೈಬ್ರರಿಯಿಂದ ಫೈರ್‌ವಾಲ್ ನಿಯಮ ಬದಲಿಸುವಾಗ ಡೇಟಾಬೇಸ್ ಪೋರ್ಟ್ ಊರಿಗೆಲ್ಲ ತೆರೆದುಕೊಂಡಿತು: ಸರಿಯಾದ ಕ್ರಮ ಯಾವುದು?

ಗೋಕುಲರಸ್ತೆಯವ (ಹುಬ್ಬಳ್ಳಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾವು ನಾಲ್ಕು ಜನ ಸೇರಿ ನಡೆಸುವ ಸಣ್ಣ ಕಚೇರಿಯಿಂದ, ಬ್ಯಾಡಗಿಯ ಕೆಲವು ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುತ್ತೇವೆ. ಅದರ ಪೋಸ್ಟ್‌ಗ್ರೆಸ್ ಡೇಟಾಬೇಸ್ ಗೂಗಲ್ ಕ್ಲೌಡ್‌ನ ಮುಂಬೈ ವಲಯದ ಒಂದು ವರ್ಚುವಲ್ ಮಷೀನಿನಲ್ಲಿದೆ. ಅಂಗಡಿಯವರು ವೆಬ್‌ಸೈಟಿನ ಮೂಲಕವೇ ಬರುತ್ತಾರೆ. ಡೇಟಾಬೇಸಿಗೆ ಬಾಗಿಲಾದ 5432ನೆಯ ಪೋರ್ಟ್ ನಮ್ಮ ಕಚೇರಿಯ ಐಪಿ ವಿಳಾಸಕ್ಕೆ ಮಾತ್ರ ತೆರೆದಿದ್ದರೆ ಸಾಕು. ಆದರೆ ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಚಾಲೂ ಆದಾಗಲೆಲ್ಲ ಆ ವಿಳಾಸ ಬದಲಾಗಿರುತ್ತದೆ.

ಹಾಗಾಗಿ ಗೂಗಲ್ ಕ್ಲೌಡ್‌ನ ಸೆಟ್ಟಿಂಗ್‌ಗಳನ್ನು ಕೋಡ್‌ನಿಂದಲೇ ಬದಲಿಸುವ ಪೈಥಾನ್ ಕ್ಲೈಂಟ್ ಲೈಬ್ರರಿಯ ಫೈರ್‌ವಾಲ್ಸ್‌ಕ್ಲೈಂಟ್ ಬಳಸಿ ಒಂದು ಸ್ಕ್ರಿಪ್ಟ್ ಬರೆದೆ. ಅದು ಹೊರಗಿನ ಒಂದು ಸೈಟಿನಿಂದ ನಮ್ಮ ಈಗಿನ ವಿಳಾಸವನ್ನು ಕೇಳಿಕೊಂಡು, ಯಾವ ವಿಳಾಸದಿಂದ ಒಳಬರಬಹುದೆಂದು ಹೇಳುವ ಹಳೆಯ ಫೈರ್‌ವಾಲ್ ನಿಯಮವನ್ನು ಡಿಲೀಟ್ ಮಾಡಿ, ಅದೇ ಹೆಸರಿನಲ್ಲಿ ಹೊಸದನ್ನು ಇನ್ಸರ್ಟ್ ಮಾಡುತ್ತದೆ. ಒಮ್ಮೊಮ್ಮೆ ಇನ್ಸರ್ಟ್ ಮಾಡುವಾಗ, ಈ ಹೆಸರಿನ ನಿಯಮ ಈಗಾಗಲೇ ಇದೆ ಎಂದು 409 ದೋಷ ಬರುತ್ತಿತ್ತು. ನಡುವೆ ಹತ್ತು ಸೆಕೆಂಡಿನ ಸ್ಲೀಪ್ ಹಾಕಿ ಸುಮ್ಮನಾದೆ. ಈಗ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದೆ. ಹೋದ ವಾರ ಒಂದು ರಾತ್ರಿ ಆ ಹೊರಗಿನ ಸೈಟ್ ಉತ್ತರ ಕೊಟ್ಟಿಲ್ಲ. ಸೋರ್ಸ್ ರೇಂಜಸ್, ಎಂದರೆ ಒಳಬಿಡಬೇಕಾದ ವಿಳಾಸಗಳ ಪಟ್ಟಿ, ಖಾಲಿಯಾಗಿಯೇ ಹೋಗಿದೆ. ಬೆಳಿಗ್ಗೆ ಕನ್ಸೋಲ್ ತೆರೆದು ನೋಡಿದರೆ ನಿಯಮದಲ್ಲಿ 0.0.0.0/0 ಎಂದು, ಅಂದರೆ ಎಲ್ಲ ವಿಳಾಸಗಳಿಗೂ ಒಳಗೆ ಬಿಡು ಎಂದು, ಕೂತಿದೆ. ಡೇಟಾಬೇಸಿನ ಲಾಗ್ ತುಂಬ ಪರಿಚಯವಿಲ್ಲದ ವಿಳಾಸಗಳಿಂದ ಪಾಸ್‌ವರ್ಡ್ ತಪ್ಪಾದ ಸಾಲುಗಳು. ಒಳಗೆ ಯಾರೂ ಬಂದಂತೆ ಕಾಣುವುದಿಲ್ಲ. ಈ ಕೆಲಸವನ್ನು ಲೈಬ್ರರಿಯಿಂದ ಸರಿಯಾಗಿ ಮಾಡುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಸಪ್ತಾಪುರದಾಕೆ (ಧಾರವಾಡ):

ಮೊದಲು 409ರ ವಿಷಯ. ಡಿಲೀಟ್ ಆಗಲಿ ಇನ್ಸರ್ಟ್ ಆಗಲಿ, ಆ ಕರೆ ಮುಗಿದು ಹಿಂತಿರುಗಿತೆಂದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅದು ಕೊಡುವುದು ಒಂದು ಆಪರೇಷನ್ ವಸ್ತುವನ್ನು, ಎಂದರೆ ಕೆಲಸವನ್ನು ಒಪ್ಪಿಕೊಂಡಿದ್ದೇವೆ ಎಂಬ ಚೀಟಿಯನ್ನು ಮಾತ್ರ. ಆ ವಸ್ತುವಿನ ಮೇಲೆ ರಿಸಲ್ಟ್ ಎಂಬ ಮೆಥಡ್ ಕರೆದಾಗ ನಿಮ್ಮ ಸ್ಕ್ರಿಪ್ಟ್ ಕೆಲಸ ಪೂರ್ತಿಯಾಗುವವರೆಗೆ ಕಾಯುತ್ತದೆ, ನಡುವೆ ಏನಾದರೂ ಕೆಟ್ಟಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ. ಸ್ಲೀಪ್ ಹಾಕಿದರೆ ಕಾದಂತಾಗುತ್ತದೆಯೇ ಹೊರತು ಕೆಟ್ಟದ್ದು ಗೊತ್ತಾಗುವುದಿಲ್ಲ.

ಆದರೆ ಅಳಿಸಿ ಮತ್ತೆ ಬರೆಯುವ ಅಗತ್ಯವೇ ನಿಮಗಿಲ್ಲ. ಪ್ಯಾಚ್ ಮೆಥಡ್ ಇದೆ. ನೀವು ಕಳಿಸಿದ ಅಂಶಗಳನ್ನಷ್ಟೇ ಅದು ಬದಲಿಸಿ, ಪೋರ್ಟ್, ಟ್ಯಾಗ್, ಆದ್ಯತೆಯ ಸಂಖ್ಯೆ ಇವುಗಳನ್ನು ಇದ್ದಂತೆಯೇ ಬಿಡುತ್ತದೆ. ಅಪ್‌ಡೇಟ್ ಎಂಬ ಇನ್ನೊಂದು ಮೆಥಡ್ ಹಾಗಲ್ಲ: ನೀವು ಹೇಳದೆ ಬಿಟ್ಟದ್ದನ್ನೂ ಅದು ಮೂಲಸ್ಥಿತಿಗೆ ತಳ್ಳುತ್ತದೆ. ಪ್ಯಾಚ್‌ನಲ್ಲಿಯೂ ಒಂದು ಎಚ್ಚರ ಬೇಕು. ಪಟ್ಟಿಯ ರೂಪದ ಅಂಶಕ್ಕೆ ಹೊಸ ಪಟ್ಟಿ ಕೊಟ್ಟರೆ ಅದು ಹಳೆಯದಕ್ಕೆ ಸೇರುವುದಿಲ್ಲ, ಹಳೆಯದರ ಜಾಗದಲ್ಲಿಯೇ ಕೂರುತ್ತದೆ. ನಿಮ್ಮ ಜೊತೆಗಾರರ ಮನೆಯ ವಿಳಾಸವೂ ಅದೇ ನಿಯಮದಲ್ಲಿದ್ದರೆ, ಮೊದಲು ಗೆಟ್ ಮಾಡಿ ಪಟ್ಟಿಯನ್ನು ಓದಿಕೊಂಡು, ನಿಮ್ಮದೊಂದನ್ನು ಬದಲಿಸಿ, ಪೂರ್ತಿ ಪಟ್ಟಿಯನ್ನು ವಾಪಸ್ ಕಳಿಸಬೇಕು.

ಖಾಲಿ ಪಟ್ಟಿಯ ಅನಾಹುತಕ್ಕೆ ಕಾರಣವೂ ಇಷ್ಟೇ. ಒಳಬರುವ ನಿಯಮವೊಂದಕ್ಕೆ ಮೂಲವನ್ನೇ ಹೇಳದಿದ್ದರೆ, ಎಲ್ಲಿಂದ ಬಂದರೂ ಸರಿ ಎಂಬ ಅರ್ಥವನ್ನು ಗೂಗಲ್ ಕ್ಲೌಡ್ ಮಾಡಿಕೊಳ್ಳುತ್ತದೆ. ಈ ಪೂರ್ವನಿಯೋಜಿತ ಅರ್ಥ ನನಗಂತೂ ಸರಿ ಕಾಣುವುದಿಲ್ಲ, ಆದರೆ ಇರುವುದು ಹಾಗೆ. ಆದ್ದರಿಂದ ಲೈಬ್ರರಿಯನ್ನು ಮುಟ್ಟುವ ಮೊದಲೇ, ಪೈಥಾನಿನಲ್ಲಿರುವ ಐಪಿಅಡ್ರೆಸ್ ಮಾಡ್ಯೂಲಿಗೆ ಆ ಉತ್ತರವನ್ನು ಕೊಟ್ಟು ನೋಡಿರಿ. ಅದು ನಿಜವಾದ ವಿಳಾಸವಲ್ಲದಿದ್ದರೆ ವ್ಯಾಲ್ಯೂಎರರ್ ಬರುತ್ತದೆ, ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಲಿ. ಸರಿಯಿದ್ದರೆ ಕೊನೆಗೆ, ಈ ಒಂದೇ ವಿಳಾಸ ಎಂಬ ಅರ್ಥದ /32 ಸೇರಿಸಿ ಕಳಿಸಿರಿ.

ಮುಳಗುಂದನಾಕಾ (ಗದಗ):

ಅಕ್ಕಾವರು ಹೇಳಿದ್ದೆಲ್ಲ ಸರಿಯಾಗಿದೆ. ಆದರೂ ಬದಲಾಗುವ ವಿಳಾಸದ ಬೆನ್ನು ಹತ್ತುವುದನ್ನೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ರೂಟರಿನ ಪುಟ ತೆರೆದು ವ್ಯಾನ್ (WAN) ವಿಳಾಸ, ಎಂದರೆ ರೂಟರಿನ ಹೊರಗಿನ ಕಡೆಯ ವಿಳಾಸ, ಏನಿದೆ ಎಂದು ಒಮ್ಮೆ ನೋಡಿರಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ, ಇಂಟರ್ನೆಟ್ ಕೊಡುವವರು ಒಂದೇ ಹೊರಗಿನ ವಿಳಾಸವನ್ನು ಅನೇಕ ಗಿರಾಕಿಗಳಿಗೆ ಹಂಚಿದ್ದಾರೆಂದು ತಿಳಿಯಿರಿ. ಆಗ /32 ಎಂದು ಎಷ್ಟೇ ಬಿಗಿಯಾಗಿ ಬರೆದರೂ, ನೀವು ಬಾಗಿಲು ತೆರೆದದ್ದು ನಿಮ್ಮ ಕಚೇರಿಯೊಂದಕ್ಕೇ ಅಲ್ಲ, ಆ ವಿಳಾಸ ಹಂಚಿಕೊಂಡ ಎಲ್ಲರಿಗೂ.

ಗೂಗಲ್ ಕ್ಲೌಡ್‌ನಲ್ಲಿ ಐಎಪಿ (ಐಡೆಂಟಿಟಿ-ಅವೇರ್ ಪ್ರಾಕ್ಸಿ) ಎಂಬ ಸೌಲಭ್ಯವಿದೆ. 5432ಕ್ಕೆ ಐಎಪಿಯದೇ ವಿಳಾಸಗಳಾದ 35.235.240.0/20 ಎಂಬ ಒಂದೇ ಮೂಲವನ್ನು ಬರೆದು ಆ ನಿಯಮವನ್ನು ಮತ್ತೆ ಮುಟ್ಟಬೇಡಿರಿ. ಕಚೇರಿಯ ಕಂಪ್ಯೂಟರಿನಿಂದ ಗೂಗಲ್ ಕ್ಲೌಡ್‌ನ ಕಮಾಂಡ್ ಸಾಧನವಾದ ಜಿಕ್ಲೌಡ್ ಮೂಲಕ ಸುರಂಗ ತೆರೆದರೆ, ಯಾರು ಬಂದರೆಂಬುದನ್ನು ಅವರ ಗೂಗಲ್ ಖಾತೆ ನೋಡಿ ನಿರ್ಧರಿಸಲಾಗುತ್ತದೆ. ವಿಳಾಸ ದಿನಕ್ಕೆ ಹತ್ತು ಸಲ ಬದಲಾದರೂ ಚಿಂತೆಯಿಲ್ಲ. ಮಷೀನಿಗೆ ಹೊರಗಿನ ವಿಳಾಸವಿರುವುದೂ ಇದಕ್ಕೆ ಬೇಕಾಗಿಲ್ಲ.

ಗೋಕುಲರಸ್ತೆಯವ:

ರೂಟರಿನಲ್ಲಿ 100.72 ಎಂದು ಶುರುವಾಗುವ ವಿಳಾಸವೇ ಇದೆ. ನೋಡಿ ಮೈ ಬೆವರಿತು. ಆದರೆ ನಮ್ಮಲ್ಲಿ ಲೆಕ್ಕ ನೋಡುವ ದಿವಾನಜಿಯವರು ರಿಪೋರ್ಟ್ ತಂತ್ರಾಂಶವನ್ನು ನೇರವಾಗಿ ಡೇಟಾಬೇಸಿಗೆ ಜೋಡಿಸಿಕೊಂಡು ಕೂರುತ್ತಾರೆ. ಅರವತ್ತು ದಾಟಿದ ಅವರಿಗೆ ಕಪ್ಪು ಕಿಟಕಿಯಲ್ಲಿ ಕಮಾಂಡ್ ಟೈಪ್ ಮಾಡಿರಿ ಎಂದು ಹೇಗೆ ಹೇಳಲಿ?

ಮುಳಗುಂದನಾಕಾ (ಗದಗ):

ಅವರು ಟೈಪ್ ಮಾಡಬೇಕಾಗಿಲ್ಲ. ಆ ಕಮಾಂಡನ್ನು ಒಂದು ಬ್ಯಾಚ್ ಫೈಲಿನಲ್ಲಿಟ್ಟು, ಕಂಪ್ಯೂಟರ್ ಚಾಲೂ ಆದಾಗ ತಾನೇ ಓಡುವಂತೆ ಮಾಡಿರಿ; ರಿಪೋರ್ಟ್ ತಂತ್ರಾಂಶದಲ್ಲಿ ಸರ್ವರಿನ ವಿಳಾಸದ ಜಾಗಕ್ಕೆ ಲೋಕಲ್‌ಹೋಸ್ಟ್ (ಇದೇ ಕಂಪ್ಯೂಟರ್) ಎಂದು ಒಮ್ಮೆ ಬರೆದರೆ ಮುಗಿಯಿತು. ಒಂದು ಗಂಟೆ ಏನೂ ಓಡಾಟವಿಲ್ಲದಿದ್ದರೆ ಸಂಪರ್ಕ ಕಡಿದುಹೋಗುತ್ತದೆ, ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ಜೋಡಿಸಿಕೊಳ್ಳಬೇಕಾದೀತು. ಪೂರ್ತಿ ಬ್ಯಾಕಪ್ ಇಳಿಸುವಂಥ ಭಾರೀ ಕೆಲಸಕ್ಕೆ ಮಾತ್ರ ಈ ದಾರಿ ಬೇಡ. ಅದು ಅದಕ್ಕಾಗಿ ಮಾಡಿದ್ದಲ್ಲ.

ವರದಾತೀರ (ಹಾವೇರಿ):

ಇದಕ್ಕೆಲ್ಲ ಗೂಗಲ್‌ನ ರಕ್ಷಣಾ ಸೌಲಭ್ಯವಾದ ಕ್ಲೌಡ್ ಆರ್ಮರ್‌ನ ಪಾಲಿಸಿ ಬರೆದರೆ ಒಳ್ಳೆಯದಲ್ಲವೇ? ಅದಕ್ಕೂ ಅದೇ ಲೈಬ್ರರಿಯಲ್ಲಿ ಸೆಕ್ಯೂರಿಟಿಪಾಲಿಸೀಸ್‌ಕ್ಲೈಂಟ್ ಇದೆ.

ಸಪ್ತಾಪುರದಾಕೆ (ಧಾರವಾಡ):

ಅದರ ಸಾಮಾನ್ಯ ಪಾಲಿಸಿ, ಬಂದ ಕೋರಿಕೆಗಳನ್ನು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿಗೆ ಹಚ್ಚುವಂಥದ್ದು. ಇವರ ವೆಬ್‌ಸೈಟಿಗೆ ಬೇಕಾದರೆ ಆದೀತು, ಮಷೀನಿನ 5432ಕ್ಕೆ ಆ ಪಾಲಿಸಿ ಆಗುವುದಿಲ್ಲ.

ಮೂಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ನಿಮ್ಮ ಸ್ಕ್ರಿಪ್ಟ್ ಯಾವ ಸರ್ವಿಸ್ ಅಕೌಂಟಿನ (ತಂತ್ರಾಂಶಗಳು ಬಳಸುವ ಖಾತೆಯ) ಕೀ ಫೈಲ್ ಹಿಡಿದು ಓಡುತ್ತದೆ, ಅದಕ್ಕೆ ಯಾವ ರೋಲ್, ಎಂದರೆ ಎಷ್ಟು ಅಧಿಕಾರ, ಕೊಟ್ಟಿದ್ದೀರಿ ಎಂಬುದನ್ನು ನೀವು ಹೇಳಿಲ್ಲ. ಎಡಿಟರ್ ರೋಲ್ ಕೊಟ್ಟಿದ್ದರೆ, ಆ ಒಂದು ಫೈಲನ್ನು ಕದ್ದವನ ಕೈಯಲ್ಲಿ ನಿಮ್ಮ ಮಷೀನುಗಳನ್ನೇ ಅಳಿಸುವ ಅಧಿಕಾರವಿರುತ್ತದೆ. ಐಎಪಿಗೆ ಬದಲಾದ ಮೇಲೆ ಸ್ಕ್ರಿಪ್ಟಿನ ಜೊತೆಗೆ ಆ ಕೀಯನ್ನೂ ರದ್ದು ಮಾಡಿರಿ. ಅಂದಿನ ರಾತ್ರಿ ಪೋರ್ಟ್ ಎಷ್ಟು ಹೊತ್ತು ತೆರೆದಿತ್ತೆಂಬುದನ್ನು ಊಹಿಸುವುದೂ ಬೇಡ: ಇಂಥ ಬದಲಾವಣೆಗಳನ್ನೆಲ್ಲ ಬರೆದಿಡುವ ಅಡ್ಮಿನ್ ಆಕ್ಟಿವಿಟಿ ಆಡಿಟ್ ಲಾಗ್ 400 ದಿನ ಉಳಿದಿರುತ್ತದೆ, ಅದನ್ನು ಬಂದ್ ಮಾಡಲು ಯಾರಿಗೂ ಬರುವುದಿಲ್ಲ.

ಗೋಕುಲರಸ್ತೆಯವ:

ಎಡಿಟರ್ ರೋಲೇ ಇತ್ತು. ಕೀಯನ್ನು ರದ್ದು ಮಾಡಿದೆ. ಆಡಿಟ್ ಲಾಗಿನಲ್ಲಿ ರಾತ್ರಿ 11.43ಕ್ಕೆ ಇನ್ಸರ್ಟ್, ಬೆಳಿಗ್ಗೆ 8.20ಕ್ಕೆ ನಾನೇ ಮಾಡಿದ ಡಿಲೀಟ್ ಸಿಕ್ಕಿವೆ. ಆ ಅವಧಿಯ ಡೇಟಾಬೇಸ್ ಲಾಗನ್ನು ಸಾಲುಸಾಲಾಗಿ ನೋಡಿದೆ, ಒಂದೂ ಲಾಗಿನ್ ಸಫಲವಾಗಿಲ್ಲ. ಆದರೂ ಎಲ್ಲ ಪಾಸ್‌ವರ್ಡ್ ಬದಲಿಸಿದ್ದೇವೆ. ನಿನ್ನೆಯಿಂದ ದಿವಾನಜಿಯವರು ಸುರಂಗದ ಮೂಲಕವೇ ಕೆಲಸ ಮಾಡುತ್ತಿದ್ದಾರೆ. ಮಧ್ಯಾಹ್ನ ಒಮ್ಮೆ ಸಂಪರ್ಕ ಕಡಿಯಿತು, ಬ್ಯಾಚ್ ಫೈಲಿನ ಮೇಲೆ ಎರಡು ಸಲ ಒತ್ತಿ ಅವರೇ ಸರಿ ಮಾಡಿಕೊಂಡರು.