1972ರ ಮ್ಯೂನಿಕ್ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್ ಫೈನಲ್: ಕಡೆಯ ಮೂರು ಸೆಕೆಂಡ್ ಮೂರು ಸಲ ಯಾಕೆ?

ಕದ್ರಿಗುಡ್ಡೆ:
ಮಣಿಪಾಲದ ಕಾಲೇಜು ಟೂರ್ನಿಗೆ ಸ್ಕೋರರ್ ಟೇಬಲ್‌ನಲ್ಲಿ (ಅಂಕ, ಗಡಿಯಾರ ನೋಡಿಕೊಳ್ಳುವ ಜಾಗ) ಕೂರುವ ಹುಡುಗರಿಗೆ ಈ ಫೈನಲ್‌ನ ವಿಡಿಯೋ ತೋರಿಸಬೇಕು ಅಂತಿದೆ. ಸೋವಿಯತ್ 51, ಅಮೆರಿಕ 50. ಒಂದೇ ಮೂರು ಸೆಕೆಂಡನ್ನು ಮೂರು ಸಲ ಆಡಿಸಿದ್ದು ಎಂತ ಲೆಕ್ಕ ಮಾರಾಯ್ರೆ? ಇವತ್ತಿನ ನಿಯಮದಲ್ಲಾದರೆ?

ಅಜ್ಜರಕಾಡು ಪಾಯಿಂಟ್ ಗಾರ್ಡ್:
ರೆಫ್ರಿಯನ್ನು ಬಿಡಿ, ಟೇಬಲ್ ನೋಡಿ. ಮೂರು ಸೆಕೆಂಡ್ ಇರುವಾಗ ಅಮೆರಿಕಕ್ಕೆ ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಶಾಟ್) ಸಿಕ್ಕಿತ್ತು. ಆಗ ಟೈಮ್‌ಔಟ್ ಬೇಕಿದ್ದರೆ ಮೊದಲ ಫ್ರೀ ಥ್ರೋಗೆ ಮುಂಚೆ ಇಲ್ಲವೇ ಎರಡರ ನಡುವೆ. ಎರಡನೆಯದು ಬಿದ್ದ ಮೇಲೆ ಇಲ್ಲ. ಸೋವಿಯತ್ ಕೋಚ್ ಕೊಂಡ್ರಾಶಿನ್ ಕೇಳಿದ್ದೆ ಅಂತ ವಾದಿಸಿದರು. ಆದರೆ ಹಾರ್ನ್ ಕೂಗಿದ್ದು ಅಮೆರಿಕದ ಡಗ್ ಕಾಲಿನ್ಸ್ ಎರಡನೇ ಶಾಟ್ ಹಾಕುವ ಹೊತ್ತಿಗೆ. ಯಾರೂ ಆಟ ನಿಲ್ಲಿಸಲಿಲ್ಲ. ಅಮೆರಿಕ 50-49 ಮುಂದಾಯಿತು, ಸೋವಿಯತ್‌ನವರು ಚೆಂಡು ಒಳಗೆ ತಂದರು. ಟೇಬಲ್ ಹತ್ತಿರದ ಗಲಾಟೆ ಕಂಡು ರೆಫ್ರಿ ರಿಗೆಟ್ಟೊ 1 ಸೆಕೆಂಡ್ ಇರುವಾಗ ಸೀಟಿ ಊದಿದರು. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಕಾರ್ಯದರ್ಶಿ ವಿಲಿಯಂ ಜೋನ್ಸ್ ಬಂದು ಮೂರು ಸೆಕೆಂಡ್ ವಾಪಸ್ ಹಾಕಿಸಿದರು.

ದೊಡ್ಡ ಎಡವಟ್ಟು ಆಗಿದ್ದು ಎರಡನೇ ಸಲ. ಗಡಿಯಾರ ತಿರುಗಿಸಿ ಮುಗಿದಿರಲಿಲ್ಲ, ಬೋರ್ಡ್‌ನಲ್ಲಿ 50 ಸೆಕೆಂಡ್ ಕಾಣುತ್ತಿತ್ತು, ಅಷ್ಟರಲ್ಲೇ ಚೆಂಡು ಕೊಟ್ಟುಬಿಟ್ಟರು! ಹಾರ್ನ್ ಆಯಿತು, ಅಮೆರಿಕದವರು ಗೆದ್ದೆವೆಂದು ಕುಣಿದರು, ಮತ್ತೆ ವಾಪಸ್. ಮೂರನೇ ಸಲ ಸೋವಿಯತ್‌ನ ಎಡೆಷ್ಕೊ ಅಂಕಣದ ಈ ತುದಿಯಿಂದ ಆ ತುದಿಗೆ ಎಸೆದ. ಬೆಲೋವ್ ಬುಟ್ಟಿಯ ಕೆಳಗೆ ಹಿಡಿದು ಹಾಕಿದ.

ಮಲ್ಪೆ ರೀಬೌಂಡ್:
ಟೇಬಲ್‌ನದ್ದೇ ತಪ್ಪು ಅಂದರೆ ಪೂರ್ತಿ ಒಪ್ಪಲಾರೆ. ನಡೆಯುತ್ತಿರುವ ಮ್ಯಾಚಿನಲ್ಲಿ ಗಡಿಯಾರದ ಬಗ್ಗೆ ಹೇಳುವ ಅಧಿಕಾರ ಜೋನ್ಸ್‌ಗೆ ಇರಲಿಲ್ಲ. ಅಮೆರಿಕದ ಮೇಲ್ಮನವಿ ಐವರ ಸಮಿತಿಯಲ್ಲಿ 3-2ರಲ್ಲಿ ಬಿತ್ತು: ಹಂಗೇರಿ, ಪೋಲೆಂಡ್, ಕ್ಯೂಬಾ ಒಂದು ಕಡೆ, ಇಟಲಿ, ಪೋರ್ಟೊ ರಿಕೊ ಇನ್ನೊಂದು ಕಡೆ. ಬೆಳ್ಳಿ ಪದಕ ತೆಗೆದುಕೊಳ್ಳಲು ಅಮೆರಿಕದವರು ಹೋಗಲೇ ಇಲ್ಲ.

ಅಜ್ಜರಕಾಡು ಪಾಯಿಂಟ್ ಗಾರ್ಡ್:
ಜೋನ್ಸ್ ವಿಷಯ ಸರಿ. ಆದರೆ ಅವರು ಎದ್ದು ಬರುವಷ್ಟು ಸಂದು ಕೊಟ್ಟದ್ದು ಟೇಬಲ್ ಅಲ್ವಾ?

ಈಗಿನದ್ದು ಕೇಳಿದಿರಿ. ಕೊನೆಯ ಫ್ರೀ ಥ್ರೋ ಬುಟ್ಟಿಗೆ ಬಿದ್ದರೆ ಎರಡೂ ತಂಡಕ್ಕೆ ಟೈಮ್‌ಔಟ್ ಅವಕಾಶ ಇದೆ, ಥ್ರೋ-ಇನ್ (ಗೆರೆಯ ಹೊರಗಿಂದ ಚೆಂಡು ಒಳಗೆ ಎಸೆಯುವುದು) ಮಾಡುವವನ ಕೈಗೆ ಚೆಂಡು ಸಿಗುವವರೆಗೆ. ನಾಲ್ಕನೇ ಕ್ವಾರ್ಟರಿನ ಕಡೆಯ 2 ನಿಮಿಷದಲ್ಲಾದರೆ ಚೆಂಡು ಸಿಗುವ ತಂಡವೇ ಆ ಟೈಮ್‌ಔಟ್ ತೆಗೆದುಕೊಂಡರೆ ಎದುರಾಳಿ ಬುಟ್ಟಿ ಇರುವ ಅರ್ಧ ಅಂಕಣದ ಥ್ರೋ-ಇನ್ ಗೆರೆಯಿಂದಲೇ ಆಟ ಶುರು ಮಾಡಬಹುದು. ಎಡೆಷ್ಕೊ ಅಷ್ಟು ದೂರ ಎಸೆಯಬೇಕಾಗಿಯೇ ಇರಲಿಲ್ಲ.

ಟೈಮರ್ ಹುಡುಗನಿಗೆ ಎರಡು ಮಾತು. ಥ್ರೋ-ಇನ್‌ನಲ್ಲಿ ಚೆಂಡು ಕೈಬಿಟ್ಟಾಗ ಅಲ್ಲ, ಅಂಕಣದೊಳಗಿನ ಆಟಗಾರ ಮುಟ್ಟಿದಾಗ ಗಡಿಯಾರ ಒತ್ತಬೇಕು. ಗಡಿಯಾರ ಬದಲಿಸಿದ ಮೇಲೆ ಬೋರ್ಡ್ ಒಮ್ಮೆ ಕಣ್ಣಾರೆ ನೋಡಿ ರೆಫ್ರಿಗೆ ಹೆಬ್ಬೆರಳು ಎತ್ತಲಿ. ಅದು ಕಾಣುವವರೆಗೆ ರೆಫ್ರಿ ಚೆಂಡು ಕೊಡುವುದು ಬೇಡ ಅಂತ ಮ್ಯಾಚಿಗೆ ಮುಂಚೆಯೇ ಮಾತಾಡಿಕೊಳ್ಳಿ.