ವಾರ್‌ಗೇಮ್‌ಗೆ ‘ಕಾಳಗದಾಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಎಚ್.ಜಿ. ವೆಲ್ಸ್ 1913ರಲ್ಲಿ ಹೊರತಂದ ‘ಲಿಟಲ್ ವಾರ್ಸ್’ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಟೈಮ್ ಮಷೀನ್ ಕಥೆ ಬರೆದ ಅದೇ ವೆಲ್ಸ್. ಸೈನಿಕರ ಬೊಂಬೆಗಳನ್ನು ನೆಲದ ಮೇಲೆ ನಿಲ್ಲಿಸಿ ಯುದ್ಧ ಆಡುವುದು ಹೇಗೆ ಅಂತ ಹೇಳಿಕೊಡುವ ಸಣ್ಣ ಪುಸ್ತಕ ಇದು. ಇವತ್ತಿನ ಮಿನಿಯೇಚರ್ ವಾರ್‌ಗೇಮಿಂಗ್ (ಪುಟ್ಟ ಬೊಂಬೆಗಳಿಂದ ಆಡುವ ಯುದ್ಧದ ಆಟ) ಹವ್ಯಾಸದವರು ತಮ್ಮ ಮೂಲಪುರುಷ ಅಂತ ಹೆಚ್ಚಾಗಿ ತೋರಿಸುವುದು ಇವರನ್ನೇ. ಆದರೆ ಆಟವನ್ನು ಕನ್ನಡದಲ್ಲಿ ಏನೆಂದು ಕರೆಯಲಿ?

‘ಯುದ್ಧದಾಟ’ ತಪ್ಪಲ್ಲ. ಆದರೆ ಹಾಗಂದರೆ ಈಗ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟವೇ ನೆನಪಾಗುತ್ತದೆ. ‘ಸಮರಕ್ರೀಡೆ’ ಸರ್ಕಾರಿ ಬ್ಯಾನರಿನ ಮಾತು, ಬೇಡ. ‘ಚದುರಂಗ’ ಅರ್ಥದಲ್ಲಿ ತುಂಬ ಹತ್ತಿರ. ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಬಲವೇ ಅಲ್ವಾ ಅದು? ಏನು ಮಾಡುವುದು, ಆ ಹೆಸರು ಈಗಾಗಲೇ ಬೇರೆ ಆಟಕ್ಕೆ ಹೋಗಿದೆ. ‘ಅಣಕು ಯುದ್ಧ’ ಅಂದರೆ ಪೊಲೀಸರ ಅಣಕು ಕಾರ್ಯಾಚರಣೆಯ ಸುದ್ದಿ ಓದಿದ ಹಾಗಿರುತ್ತದೆ. ಆದರೂ ಆ ಪದ ಪೂರ್ತಿ ಬಿಡಲು ಮನಸ್ಸಿಲ್ಲ. ಪುಸ್ತಕದ ಕೊನೆಯಲ್ಲಿ ವೆಲ್ಸ್ ನಿಜವಾದ ಯುದ್ಧವನ್ನೇ ಚೆನ್ನಾಗಿ ಅಣಕಿಸುತ್ತಾರೆ. ಈ ಆಟವನ್ನು ಮೂರು ನಾಲ್ಕು ಸಲ ಆಡಿ ನೋಡಿ, ದೊಡ್ಡ ಯುದ್ಧ ಎಂಥ ಎಡವಟ್ಟು ಕೆಲಸ ಅಂತ ಗೊತ್ತಾಗುತ್ತದೆ ಅನ್ನುವುದು ಅವರ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ನನಗೆ ಹಿಡಿಸಿದ್ದು ‘ಕಾಳಗದಾಟ’. ಕೋಳಿ ಕಾಳಗವೂ ಇದೆ, ಸುಧನ್ವ ಕಾಳಗವೂ ಇದೆ. ರಣರಂಗದ ಆಚೆಗೂ ಓಡಾಡುವ ಪದ. ಆದರೆ ಅಲ್ಲೇ ಒಂದು ತೊಡಕು. ಕರಾವಳಿಯಲ್ಲಿ ‘ಆಟ’ ಅಂದರೆ ಯಕ್ಷಗಾನ. ಅಲ್ಲಿನವರು ಇದನ್ನು ಓದಿದರೆ ಯಾವ ಮೇಳದ್ದು ಅಂತ ಕೇಳುತ್ತಾರೋ ಏನೋ!

ಎರಡನೆಯ ಪ್ರಶ್ನೆ, ಆಡುವ ವಸ್ತುವಿನದು. ಬೊಂಬೆಯೋ, ಕಾಯಿಯೋ? ಪ್ರಷ್ಯಾದ ಸೇನೆ 1824ರ ಹೊತ್ತಿಗೇ ನಕ್ಷೆಯ ಮೇಲೆ ತುಂಡುಗಳನ್ನು ಸರಿಸುತ್ತಾ ಅಧಿಕಾರಿಗಳಿಗೆ ತಾಲೀಮು ಕೊಡುತ್ತಿತ್ತು. ಅಲ್ಲಿ ‘ಕಾಯಿ’ ಸಾಕು. ವೆಲ್ಸ್ ಆಟದಲ್ಲಿ ಇರುವುದು ಆಟಿಕೆ ಅಂಗಡಿಯ ಸೀಸದ ಸೈನಿಕರು, ಜೊತೆಗೆ ಸ್ಪ್ರಿಂಗ್ ಇರುವ ಪುಟ್ಟ ಫಿರಂಗಿ. ಮರದ ಗುಂಡು ತಗುಲಿದರೆ ಸೈನಿಕ ನಿಜವಾಗಿಯೂ ಉರುಳಿಬೀಳುತ್ತಾನೆ. ಒಂದು ಸರದಿಗೆ ಕಾಲಾಳು 1 ಅಡಿ, ಕುದುರೆ ಸವಾರ 2 ಅಡಿ ನಡೆಯಬಹುದು. ಫಿರಂಗಿ ಹಾರಿಸಬೇಕಾದರೆ ಹತ್ತಿರದಲ್ಲಿ 4 ಜನ ಇರಲೇಬೇಕು. ಗುಂಡು ತಗುಲಿತೋ ಇಲ್ಲವೋ ಅಂತ ತೀರ್ಮಾನಿಸಲು ದಾಳ ಬೇಕಿಲ್ಲ, ಕಣ್ಣಿಗೇ ಕಾಣುತ್ತದೆ. ಹಾಗಾಗಿ ಇಲ್ಲಿ ‘ಬೊಂಬೆ’ಯೇ ಸರಿ ಅನ್ನಿಸುತ್ತದೆ. ಇನ್ನು ‘ಮೇಜಿನಾಟ’ ಅನ್ನುವ ಸಲಹೆ ಬಂದಿತ್ತು. ವೆಲ್ಸ್ ಆಡಿದ್ದು ನೆಲದ ಮೇಲೆ, ಹುಲ್ಲುಹಾಸಿನ ಮೇಲೆ. ಅದು ಹೊಂದುವುದಿಲ್ಲ.

1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಬ್ರಿಟನ್ನಿನಲ್ಲಿ ಈ ಹವ್ಯಾಸಕ್ಕೆ ಹೊಸ ಜೀವ ಕೊಟ್ಟಿತು. ಆ ಕಾಲದ ಆಟದಲ್ಲಿ ಮೇಜು ಬಂದಿದೆ, ದಾಳ ಬಂದಿದೆ. ಗುಂಡು ಹಾರುವುದಿಲ್ಲ. ಗರ ಬಿದ್ದಂತೆ ಎಷ್ಟು ಜನ ಸತ್ತರು ಅಂತ ಲೆಕ್ಕ ಹಾಕಿ ಎತ್ತಿಡುತ್ತಾರೆ. ಇಲ್ಲಿಂದ ಮುಂದಕ್ಕೆ ‘ಕಾಯಿ’, ‘ಗರ’, ‘ನಡೆ’ ಅಂತ ನಮ್ಮ ಪಗಡೆಯ ಮಾತುಗಳನ್ನೇ ಬಳಸಬಹುದು ಅನ್ನುವುದು ನನ್ನ ಯೋಚನೆ. ಆಟಗಾರರೇ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (1974) ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ‘ಲಿಟಲ್ ವಾರ್ಸ್’ನ 2004ರ ಮುದ್ರಣಕ್ಕೆ ಮುನ್ನುಡಿ ಬರೆದಿದ್ದಾರೆ. ಲೇಖನ ಅಲ್ಲಿಯವರೆಗೂ ಹೋಗುವುದರಿಂದ ಪದಗಳು ಎರಡೂ ಕಾಲಕ್ಕೆ ಒಗ್ಗಬೇಕು.

ಕರಾವಳಿಯವರು ದಯವಿಟ್ಟು ಹೇಳಿ, ‘ಕಾಳಗದಾಟ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಉತ್ತರ ಕರ್ನಾಟಕದ ಕಡೆ ‘ಗರ’ಕ್ಕೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.