ಬರ್ಲಿನ್ ಚಳಿಗಾಲದಲ್ಲಿ ಊರಿನ ಕೊರಗು: ಓದು ಬಿಟ್ಟು ಬರಲೇ?

ಪ್ರಶ್ನೆ:
ಎಂಎಸ್ ಮೊದಲ ಸೆಮಿಸ್ಟರ್. ಸಂಜೆ ನಾಲ್ಕಕ್ಕೇ ಕತ್ತಲು, ಮನೆಯದೇ ಯೋಚನೆ. ಬಂದದ್ದೇ ತಪ್ಪೇನೋ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ 1:
ಡಿಸೆಂಬರ್‌ನಲ್ಲಿ ಆ ತೀರ್ಮಾನ ದಯವಿಟ್ಟು ಬೇಡ. ಬೆಳಕು ಕಡಿಮೆಯಾದಾಗ ದೇಹದ ಗಡಿಯಾರ ಏರುಪೇರಾಗಿ ನಿದ್ದೆ, ಮನಸ್ಸು ಎರಡೂ ಕೆಡುತ್ತವೆ. 10,000 ಲಕ್ಸ್‌ನ ಲೈಟ್ ಥೆರಪಿ ದೀಪ ತಗೊಳ್ಳಿ (ಲಕ್ಸ್ ಅಂದರೆ ಬೆಳಕಿನ ಪ್ರಖರತೆಯ ಅಳತೆ). ಎದ್ದ ಕೂಡಲೇ 20-30 ನಿಮಿಷ, ಕೈಪಿಡಿ ಹೇಳಿದಷ್ಟೇ ದೂರದಲ್ಲಿ ಕೂರಿ. ಮೇಜಿನ ಆಚೆ ತುದಿಗಿಟ್ಟರೆ ಕಣ್ಣಿಗೆ ತಲುಪುವ ಬೆಳಕು ತೀರಾ ಇಳಿಯುತ್ತದೆ. ಸಂಜೆ ಹಚ್ಚಿದರೆ ನಿದ್ದೆ ಬಾರದು. ಕಣ್ಣಿನ ಕಾಯಿಲೆ, ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಉತ್ತರ 2:
ಮಲಗುವ ಹೊತ್ತಿಗೆ ಮನೆಗೆ ಫೋನ್ ಬೇಡ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನಿಮ್ಮ ರಾತ್ರಿ 10 ಅಂದರೆ ಅಲ್ಲಿ ನಸುಕಿನ 2.30. ಮಧ್ಯಾಹ್ನ 1ಕ್ಕೆ ಮಾಡಿ, ಅಲ್ಲಿ 5.30, ಕಾಫಿ ಹೊತ್ತು. ಮಾತು ಮುಗಿದ ಮೇಲೆ ಕ್ಲಾಸೋ ತರಕಾರಿಯೋ, ಹೊರಗೆ ಹೋಗುವ ಕೆಲಸ ಇರಲಿ.

ಉತ್ತರ 3:
ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ವಿದ್ಯಾರ್ಥಿಗಳಿಗೆ ನೆರವಾಗುವ ಸಂಸ್ಥೆ ಸ್ಟುಡೀರೆಂಡೆನ್‌ವೆರ್ಕ್‌ನ ಆಪ್ತಸಮಾಲೋಚನೆಗೆ ಹೆಸರು ಬರೆಸಿ, ಉಚಿತ. ಜೀವ ಕಳೆದುಕೊಳ್ಳುವ ಯೋಚನೆ ಬಂದರೆ ಕಾಯದೆ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಓದು ಬಿಡುವ ಮುಂಚೆ ಒಂದು ಸೆಮಿಸ್ಟರ್ ರಜೆ ಸಿಗುತ್ತದೆಯೇ ವಿಚಾರಿಸಿ. ವೀಸಾ ಓದಿಗೆ ಅಂಟಿಕೊಂಡಿರುವುದರಿಂದ ವಿದೇಶಿಯರ ಕಚೇರಿಯಲ್ಲೂ ಕೇಳಲೇಬೇಕು.